ಆತ್ಮಕ್ಕೆ ಭೇದವಿಲ್ಲ, ಪಹಣಿಗೆ?

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ನಡೆದ ಮಾತುಕತೆ ಇದು. ಅಜ್ಜ ತೀರಿಕೊಂಡಾಗ ಶಿವಗಣಾರಾಧನೆಗೆ ಅಂತ ಮಾಡಿದ ಗುಂಪು, ಆಮೇಲೆ ಯಾರೂ ಬಿಟ್ಟು ಹೋಗಲಿಲ್ಲ. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ಬೇಡ ಅಂದರು, ತೆಗೆದಿದ್ದೇನೆ. ಶುಭೋದಯದ ಹೂಗಳನ್ನು ನಾನೇ ತೆಗೆದೆ.

ಬೆಳಗ್ಗೆ ದೊಡ್ಡಪ್ಪ ಒಂದು ಚಿತ್ರ ಕಳಿಸಿದರು. ಮೇಲೆ ಬಸವಣ್ಣನ ಫೋಟೊ, ಕೆಳಗೆ ಈ ಸಾಲು: "ಮೊಲೆ ಮುಡಿ ಬಂದಡೆ ಹೆಣ್ಣೆಂಬರು, ಗಡ್ಡ ಮೀಸೆ ಬಂದಡೆ ಗಂಡೆಂಬರು, ನಡುವೆ ಸುಳಿವ ಆತ್ಮನು ಹೆಣ್ಣೂ ಅಲ್ಲ ಗಂಡೂ ಅಲ್ಲ ಕಾಣಾ ರಾಮನಾಥ."

ದೊಡ್ಡಪ್ಪ: ಹೆಣ್ಣು ಗಂಡು ಅಂತ ಬಡಿದಾಡುವವರು ಇದನ್ನು ಓದಬೇಕು. ಎಲ್ಲ ಮಾಯೆ. ಶರಣು ಶರಣಾರ್ಥಿ.

ಅಕ್ಕ: ದೊಡ್ಡಪ್ಪ, ಕೊನೆಯಲ್ಲಿ ವಚನಕಾರರು ಹಾಕುವ ಅಂಕಿತ ಇಲ್ಲಿ ರಾಮನಾಥ. ಇದು ಬಸವಣ್ಣನದಲ್ಲ, ಜೇಡರ ದಾಸಿಮಯ್ಯನದು.

ದೊಡ್ಡಪ್ಪ: ಯಾರದಾದರೇನು ಕಣಮ್ಮ, ತತ್ವ ಒಂದೇ.

ಚಿಕ್ಕಪ್ಪ: ತತ್ವ ಸರಿ ಅಣ್ಣ. ಆದರೂ ಹೆಣ್ಣು ಹೆಣ್ಣೇ, ಗಂಡು ಗಂಡೇ. ಎಲ್ಲ ಮಾಯೆ ಅಂದರೆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಭ್ರೂಣಲಿಂಗ ಪತ್ತೆ ಅಪರಾಧ ಅಂತ ಬೋರ್ಡ್ ಯಾಕೆ ಹಾಕಿದ್ದಾರೆ?

ಅಕ್ಕ: ಮೊಲೆ ಮುಡಿ ಬರುವುದಕ್ಕೂ ಮುಂಚೆಯೇ ಹೆಣ್ಣು ಅಂತ ಗುರುತು ಹಿಡಿದು ತೆಗೆಸಿಬಿಡುತ್ತಿದ್ದರಲ್ಲ, ಅದಕ್ಕೆ ಚಿಕ್ಕಪ್ಪ. 1994ರಲ್ಲಿ ಆ ಕಾನೂನು ಬಂತು.

ಹುಬ್ಬಳ್ಳಿಯಲ್ಲಿ ಓದುತ್ತಿರುವ ತಮ್ಮ ಇಂಥ ಚರ್ಚೆಗೆ ಬರುವವನೇ ಅಲ್ಲ. ಅವತ್ತು ಬಂದ.

ತಮ್ಮ: ಮಾಯೆ ಅಂತ ನನಗೂ ಅನ್ನಿಸುವುದಿಲ್ಲ ದೊಡ್ಡಪ್ಪ. ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದರಲ್ಲ, ನೆನಪಿದೆಯಾ? ಹುಟ್ಟಿದಾಗ ಗಂಡು ಅಂತಲೇ ಹೆಸರಿಟ್ಟಿದ್ದರು. ಆ ಸೆರಗಿಗೋಸ್ಕರ ಮನೆ ಬಿಟ್ಟರು, ಏನೆಲ್ಲ ಅನುಭವಿಸಿದರು. ಹೆಣ್ಣುತನ ಬರೀ ಭ್ರಮೆ ಅಂತ ಅವರ ಮುಂದೆ ಹೇಳೋಕಾಗುತ್ತಾ?

ಚಿಕ್ಕಪ್ಪ: ಅದು ಬೇರೆ ವಿಷಯ.

ತಮ್ಮ: ಬೇರೆ ಹೇಗೆ? ಗಂಡು ಗಂಡೇ ಅಂತ ಈಗ ತಾನೇ ನೀವೇ ಅಂದಿರಿ. ದೇಹ ನೋಡಿ ಹೇಳುವುದಾದರೆ ಅವರ ಬದುಕೇ ಸುಳ್ಳಾಗುತ್ತೆ. 2014ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ತಾನು ಯಾರು ಅಂತ ಹೇಳಿಕೊಳ್ಳುವುದು ಆಯಾ ಮನುಷ್ಯರ ಹಕ್ಕು ಅಂತ.

ಚಿಕ್ಕಪ್ಪ ಹೆಬ್ಬೆರಳಿನ ಗುರುತು ಒತ್ತಿದರು. ಒಪ್ಪಿದ್ದಾ, ಸುಮ್ನಿರು ಅಂದಿದ್ದಾ, ಗೊತ್ತಾಗಲಿಲ್ಲ.

ದೊಡ್ಡಪ್ಪ: ಮಗೂ, ನಾನು ಹೇಳಿದ್ದು ಆತ್ಮದ ಮಾತು. ನಮ್ಮಲ್ಲಿ ಇಷ್ಟಲಿಂಗ ಗಂಡಿಗೂ ಕಟ್ಟುತ್ತಾರೆ, ಹೆಣ್ಣಿಗೂ ಕಟ್ಟುತ್ತಾರೆ. ಭೇದ ಎಲ್ಲಿದೆ?

ದೊಡ್ಡಮ್ಮ: ಲಿಂಗ ಕಟ್ಟಿದವರಿಗೆ ಐದು ಸೂತಕವೂ ಇಲ್ಲ ಅಂತಲೂ ನೀವೇ ಹೇಳ್ತೀರಿ. ಮುಟ್ಟಿನ ಸೂತಕ ಅದರಲ್ಲಿ ಒಂದು. ಆದರೂ ನಿಮ್ಮಮ್ಮ ಇರೋವರೆಗೂ ನಾನು ಮೂರು ದಿನ ಹಿಂದಿನ ವರಾಂಡದಲ್ಲೇ. ತಟ್ಟೆ ಬೇರೆ, ಚಾಪೆ ಬೇರೆ. ಕೊರಳಲ್ಲಿ ಲಿಂಗ ಇತ್ತು.

ಗಂಡನ ಪಕ್ಕದ ಕುರ್ಚಿಯಲ್ಲಿ ಕೂತೇ ಇದನ್ನು ಟೈಪ್ ಮಾಡಿದರಂತೆ. ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು ಅಂತ ದೊಡ್ಡಮ್ಮ ಆಮೇಲೆ ಫೋನಿನಲ್ಲಿ ಹೇಳಿದರು.

ಅಕ್ಕ: ಧೂಪದ ಗೊಗ್ಗವ್ವೆ ಅಂತ ಒಬ್ಬಳು ಶರಣೆ ಇದ್ದಳು ದೊಡ್ಡಪ್ಪ. ಅವಳ ವಚನವೂ ಮೊಲೆ ಮುಡಿಯಿಂದಲೇ ಶುರು. ಆದರೆ ಆತ್ಮ ಎರಡೂ ಅಲ್ಲ ಅಂತ ಮುಗಿಸುವುದಿಲ್ಲ. ಈ ಎರಡರ ಜ್ಞಾನ ಹೆಣ್ಣೋ ಗಂಡೋ ಅಂತ ತನ್ನ ಅಂಕಿತದ ದೇವರು ನಾಸ್ತಿನಾಥನನ್ನೇ ಕೇಳುತ್ತಾಳೆ. ಆ ವಚನ ಯಾಕೆ ಯಾರೂ ಫಾರ್ವರ್ಡ್ ಮಾಡಲ್ಲ?

ನನಗೆ ಗೊಗ್ಗವ್ವೆಯೇ ಹೆಚ್ಚು ಇಷ್ಟ. ದಾಸಿಮಯ್ಯನ ಮೇಲೂ ಕೋಪವಿಲ್ಲ. ದುಗ್ಗಳೆಯನ್ನು ತಂದು ಬದುಕಿದೆ ಅಂತ ಹೆಂಡತಿಯ ಹೆಸರು ಹಿಡಿದು ಹಾಡಿದವನು ಅವನು. ನಮ್ಮ ಮನೆಯ ಗಂಡಸರಲ್ಲಿ ಯಾರೂ ಅಷ್ಟು ಹೇಳಿದ್ದು ನಾನು ಕೇಳಿಲ್ಲ, ನಾನೂ ಸೇರಿ. ಮಾಯೆ ಅನ್ನುವ ಮಾತಿಗೆ, ಬಿಟ್ಟುಕೊಡುವವರು ಹೇಳಿದರೆ ಒಂದು ತೂಕ. ಇಟ್ಟುಕೊಂಡವರು ಹೇಳಿದರೆ ಅದೇ ತೂಕ ಬರುವುದಿಲ್ಲ.

ಅಲ್ಲಿಯವರೆಗೆ ಸುಮ್ಮನಿದ್ದ ದೊಡ್ಡತ್ತೆ ಆಗ ಬರೆದರು.

ದೊಡ್ಡತ್ತೆ: ಅಣ್ಣ, ವಚನ ಚೆನ್ನಾಗಿದೆ. ಅಪ್ಪನ ಹೆಸರಿನಿಂದ ತೋಟ ವಾರಸುದಾರರ ಹೆಸರಿಗೆ ಬರಲಿ ಅಂತ ಪೌತಿ ಖಾತೆಗೆ ನೀನು ಬರೆಸಿರುವ ವಂಶವೃಕ್ಷ ನೋಡಿದೆ. ಅದರಲ್ಲಿ ನೀನಿದ್ದೀಯ, ಚಿಕ್ಕೋನು ಇದ್ದಾನೆ. ನಾನು, ತಂಗಿ ಎಲ್ಲಿ?

ಚಿಕ್ಕಪ್ಪ: ಅಕ್ಕಾ, ಇದು ಗ್ರೂಪಲ್ಲಿ ಮಾತಾಡೋದಲ್ಲ.

ದೊಡ್ಡತ್ತೆ: ನಮ್ಮ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಕೊಡಿ ಅಂತ ಗ್ರೂಪಲ್ಲೇ ಕೇಳಿದ್ದೆಯಲ್ಲಪ್ಪ, ಅರಿಶಿನ ಕುಂಕುಮಕ್ಕೆ ಏನಾದರೂ ಕೊಡೋಣ ಅಂತ.

ಚಿಕ್ಕಪ್ಪ: ಮದುವೆ ಖರ್ಚು, ಒಡವೆ, ಬಾಣಂತನ, ಹಬ್ಬಕ್ಕೆ ಸೀರೆ. ಇದೆಲ್ಲ ಲೆಕ್ಕಕ್ಕಿಲ್ವಾ?

ದೊಡ್ಡತ್ತೆ: ಬರಿ ಲೆಕ್ಕ. ನಿನ್ನ ಇಂಜಿನಿಯರಿಂಗ್ ಸೀಟಿಗೆ ಅಪ್ಪ ಕಟ್ಟಿದ ಡೊನೇಷನ್ನೂ ಪಕ್ಕದಲ್ಲೇ ಬರಿ.

ಅಕ್ಕ ವಕೀಲಿಕೆ ಮಾಡುತ್ತಾಳೆ. ಅವಳು ಹಾಕಿದ್ದು ಉದ್ದದ ಮೆಸೇಜು, ಇಲ್ಲಿ ಮುಖ್ಯವಾದಷ್ಟೇ ಇದೆ.

ಅಕ್ಕ: ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು. ಆದರೆ ಅಷ್ಟರಲ್ಲಿ ಮದುವೆಯಾದವರಿಗೆ ಅದು ಇಲ್ಲ. ದೊಡ್ಡತ್ತೆ ಮದುವೆ 1992, ಚಿಕ್ಕತ್ತೆಯದು 1996. ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳು. ತಾಳಿ ಕಟ್ಟಿದ ತಾರೀಖು ನೋಡಿ ಒಬ್ಬರು ಒಳಗೆ, ಒಬ್ಬರು ಹೊರಗೆ. 2005ರ ಕೇಂದ್ರದ ತಿದ್ದುಪಡಿ ಅದನ್ನು ತೆಗೆದುಹಾಕಿತು. ಹುಟ್ಟಿನಿಂದಲೇ ಹಕ್ಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಖಚಿತ ಮಾಡಿತು. ನಮ್ಮಲ್ಲಿ ತೋಟ ಇನ್ನೂ ಭಾಗವೇ ಆಗಿಲ್ಲ.

ಚಿಕ್ಕತ್ತೆ: ನಾನು ಒಳಗಿದ್ದೆ ಅಂತ ಇವತ್ತೇ ಗೊತ್ತಾಗಿದ್ದು 😀

ಚಿಕ್ಕಪ್ಪ: ಕೋರ್ಟು ಕಾನೂನು ಅಂತ ಹೋದರೆ ತವರಿನ ಸಂಬಂಧ ಉಳಿಯುತ್ತಾ?

ದೊಡ್ಡತ್ತೆ: ಪಾಲು ತಗೊಂಡ ಮೇಲೂ ನೀವಿಬ್ಬರು ಅಣ್ಣತಮ್ಮ ಆಗಿಯೇ ಇರುತ್ತೀರಲ್ಲ. ನಾನು ತಗೊಂಡರೆ ಮಾತ್ರ ಸಂಬಂಧ ಹೋಗುತ್ತಾ? ಆತ್ಮಕ್ಕೆ ಭೇದವಿಲ್ಲ ಅಂತ ಅಣ್ಣ ಹೇಳಿದರೆ ನಾನು ನಂಬುತ್ತೇನೆ. ಅಪ್ಪ ನನಗೂ ಅದೇ ಲಿಂಗ ಕಟ್ಟಿಸಿದ್ದರು. ಅದಕ್ಕೇ ಕೇಳುತ್ತಿರುವುದು.

ಮಧ್ಯಾಹ್ನ ಪೂರ್ತಿ ಗುಂಪಿನಲ್ಲಿ ಸದ್ದಿಲ್ಲ. ಚಿಕ್ಕಪ್ಪ ನನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿ, ಅಡ್ಮಿನ್ ನೀನೇ ಅಲ್ವಾ, ಎಲ್ಲ ಅಳಿಸು ಅಂದರು. ನಾನು ಅಳಿಸಲಿಲ್ಲ. ಸಂಜೆ ಆರರ ಹೊತ್ತಿಗೆ:

ದೊಡ್ಡಪ್ಪ: ಮಂಗಳವಾರ ನಾಡಕಚೇರಿಗೆ ಹೋಗುತ್ತೇನೆ. ನೀವಿಬ್ಬರೂ ಆಧಾರ್ ಜೆರಾಕ್ಸ್ ತಗೊಂಡು ಬನ್ನಿ.

ಚಿಕ್ಕಪ್ಪ: ಅಣ್ಣ, ಮೊದಲು ನನಗೊಂದು ಫೋನ್ ಮಾಡು.

ದೊಡ್ಡತ್ತೆ: ನಾನು ಹತ್ತೂವರೆಗೆ ಅಲ್ಲಿರುತ್ತೇನೆ.