ಸವಾರ, ಸೈಕಲ್‌ನವನು, ಸೈಕಲಿಗ: ಯಾವುದು ಒಗ್ಗುತ್ತದೆ?

ಕುಶಾಲನಗರದಿಂದ ಮಡಿಕೇರಿಗೆ ಸೈಕಲ್ಲಲ್ಲಿ ಹೋಗಿಬರುವ ಹುಡುಗರ ಗುಂಪೊಂದು ನಮ್ಮಲ್ಲಿದೆ. ಹೊಸಬರಿಗೆ ಕೊಡಲು ಎರಡು ಪುಟದ ಕನ್ನಡ ಕೈಪಿಡಿ ಬೇಕು ಅಂತ ಆ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ಏನು ಹಾಕಿಕೊಳ್ಳಬೇಕು, ಮಳೆಗೆ ಏನು ಮಾಡಬೇಕು, ಆನೆಕಾಡಿನ ಹತ್ತಿರ ಯಾವ ಹೊತ್ತಿನಲ್ಲಿ ಹೋಗಬಾರದು, ಇಷ್ಟೇ. ಒಂದು ಸಂಜೆಯ ಕೆಲಸ ಅಂದುಕೊಂಡೆ. ಮೂರು ವಾರವಾಯಿತು, ಮೊದಲ ವಾಕ್ಯ ದಾಟಿಲ್ಲ. ಸೈಕಲ್ ಹೊಡೆಯುವವರನ್ನು ಕನ್ನಡದಲ್ಲಿ ಏನನ್ನಬೇಕು?

‘ಸವಾರ’ ಅಂತ ಬರೆದಿದ್ದೆ. ಅತ್ತೆಗೆ ಓದಿ ಹೇಳಿದೆ. ಕಾಫಿ ಲೋಟ ಕೆಳಗಿಟ್ಟು, “ಬಿಡ್ತು ಅನ್ನು” ಅಂದರು. ಅವರು ದಿನಾ ಪೇಪರು ಓದುವವರು. ಸವಾರ ಅನ್ನುವ ಪದ ಅವರ ಕಣ್ಣಿಗೆ ಬೀಳುವುದು ಒಂದೇ ಕಡೆ: ‘ಲಾರಿ ಡಿಕ್ಕಿ, ಬೈಕ್ ಸವಾರ ಸಾವು’. ಬದುಕಿರುವ ಸವಾರನನ್ನು ಪೇಪರಿನಲ್ಲಿ ನಾನೂ ಹುಡುಕಿದೆ; ಸಿಕ್ಕಿದ್ದು ಹೆಲ್ಮೆಟ್ ಇಲ್ಲದೆ ದಂಡ ಕಟ್ಟಿದವನು ಮಾತ್ರ. ರಾತ್ರಿ ಹೊತ್ತು ಹಾವು ಅನ್ನದೆ ಹುಳ ಅನ್ನುವ, ದೀಪ ಆರಿಸು ಅನ್ನದೆ ದೊಡ್ಡದು ಮಾಡು ಅನ್ನುವ ಮನೆಯಲ್ಲಿ ಈ ಆಕ್ಷೇಪ ತೀರಾ ವಿಚಿತ್ರವೇನಲ್ಲ. ಪದದ ಹುಟ್ಟಿನಲ್ಲಿ ಯಾವ ಕಲೆಯೂ ಇಲ್ಲ ಅಂತ ವಾದಿಸಿದೆ. ಹಳೆಯ ಪಾರಸಿಯ ‘ಅಸಬಾರ’ದಿಂದ ಬಂದದ್ದು, ‘ಅಸ’ ಅಂದರೆ ನಮ್ಮ ಅಶ್ವದ ಸೋದರ, ಕುದುರೆ ಯಾರನ್ನು ಹೊತ್ತು ಒಯ್ಯುತ್ತದೋ ಅವನು ಸವಾರ ಅಂದೆ. “ಹೊತ್ತು ಒಯ್ಯೋದಾ?” ಅಂದರು. ಅಲ್ಲಿಗೆ ವಾದ ಮುಗಿಯಿತು.

‘ಸವಾರಿ’ಯೂ ಕಷ್ಟವೇ. ಬೆಳಗ್ಗೆ ಆರಕ್ಕೆ ಸೈಕಲ್ ಹೊರಗೆ ತಳ್ಳಿದರೆ ಗೇಟಿನ ಹತ್ತಿರ ಸಿಕ್ಕವರು, “ಏನು, ಎಲ್ಲಿಗೆ ಹೊರಟಿತು ಸವಾರಿ?” ಅನ್ನುತ್ತಾರೆ. ಚುಚ್ಚು ಅರ್ಧ, ಅಪಶಕುನ ಅರ್ಧ. ಹೊರಟವರನ್ನು ‘ಎಲ್ಲಿಗೆ’ ಅಂತ ಕೇಳಬಾರದು, ‘ದೂರ ಹೊರಟ್ರಾ?’ ಅನ್ನಬೇಕು. ನಾವೂ ‘ಹೋಗ್ತೀನಿ’ ಅನ್ನಬಾರದು, ‘ಹೋಗಿಬರ್ತೀನಿ’ ಅನ್ನಬೇಕು. ಆ ‘ಎಲ್ಲಿಗೆ’ ಅತ್ತೆಯ ಕಿವಿಗೆ ಬಿದ್ದರೆ ನನ್ನನ್ನು ಒಳಗೆ ಕರೆದು, ಒಂದು ಗುಟುಕು ನೀರು ಕುಡಿಸಿ, ಎರಡು ನಿಮಿಷ ಕೂರಿಸಿಯೇ ಕಳಿಸುತ್ತಾರೆ. ಒಂಟಿ ಸೀನಿಗೂ ಇದೇ ಮದ್ದು. ಬೆಕ್ಕು ಅಡ್ಡ ಬಂದರೆ ನಿಂತು ಹೋಗಬೇಕಂತೆ; ಹಾಗನ್ನುವವರು ನಮ್ಮ ಇಳಿಜಾರಿನಲ್ಲಿ, ಜುಲೈ ಮಳೆಯಲ್ಲಿ, ನೆನೆದ ರಿಮ್ಮಿನ ಮೇಲೆ ಬ್ರೇಕು ಹಿಡಿದು ನೋಡಿಲ್ಲ.

ಹಾಗಾದರೆ ದಿನಬಳಕೆಯಲ್ಲಿ ಏನನ್ನುತ್ತೇವೆ? ಗಮನಿಸಿದರೆ, ಏನೂ ಅನ್ನುವುದಿಲ್ಲ. ನಾವು ಸೈಕಲ್ಲಿನ ಮೇಲಿರುವವನನ್ನು ಕರೆಯುವುದು ಕ್ಯಾರಿಯರಿನ ಮೇಲೆ ಏನಿದೆ ಅನ್ನುವುದರ ಮೇಲೆ. ಹಾಲಿನವನು, ಪೇಪರಿನವನು, ಮೀನಿನವನು, ಐಸ್‌ಕ್ಯಾಂಡಿಯವನು. ಹೊರೆ ಇಲ್ಲದಿದ್ದರೆ ‘ಯಾರೋ ಸೈಕಲ್‌ನವನು’. ಆ ‘ಯಾರೋ’ ಬಿಟ್ಟು ಸೈಕಲ್‌ನವನು ಎಂಬ ಪದ ಒಂಟಿಯಾಗಿ ಬರುವುದನ್ನು ನಾನು ಕೇಳಿಯೇ ಇಲ್ಲ. ಹೊರೆಯೂ ಇಲ್ಲದೆ, ಹೋಗುವ ಊರೂ ಇಲ್ಲದೆ, ಬಣ್ಣದ ಬಿಗಿ ಬಟ್ಟೆ ಹಾಕಿ ಮಡಿಕೇರಿ ಏರಿ ಸುಮ್ಮನೆ ಇಳಿದು ಬರುವವನಿಗೆ ಮಾತ್ರ ಹೆಸರು ಬೇಕಾಯಿತು. ಅವನು ಇಂಗ್ಲಿಷಿನಿಂದ ‘ಸೈಕ್ಲಿಸ್ಟ್’ ತಂದುಕೊಂಡ, ಇತ್ತೀಚೆಗೆ ‘ರೈಡರ್’ ಆದ. ಅವನು ಸೈಕಲ್ ಹೊಡೆಯುವುದಿಲ್ಲ, ‘ರೈಡ್ ಹೋಗುತ್ತಾನೆ’.

ಹೊಡೆಯುವುದು ಅಂದೆ. ಈ ಕ್ರಿಯಾಪದ ಎತ್ತಿನ ಗಾಡಿಯಿಂದ ಬಂದದ್ದೆಂದು ನನ್ನ ಊಹೆ. ಗಾಡಿ ಹೊಡೆಯುವವನು ನಿಜಕ್ಕೂ ಎತ್ತಿಗೆ ಹೊಡೆಯುತ್ತಿದ್ದ. ಸೈಕಲ್ಲಿಗೆ ಬಂದಾಗ ಎತ್ತು ಹೋಯಿತು, ಏಟು ಉಳಿಯಿತು. ಸೋಮವಾರಪೇಟೆ ಕಡೆಯ ಗೆಳೆಯ ‘ತುಳಿ’ ಅನ್ನುತ್ತಾನೆ. ಮೈಸೂರಿನವರು ‘ಬಿಡೋಕೆ ಬರುತ್ತಾ?’ ಅಂತಲೂ ಕೇಳುತ್ತಾರೆ. ಕೊಡಗಿಗೆ ನ್ಯಾಯವಾಗಿ ಸಲ್ಲಬೇಕಾದ ಪದ ‘ತಳ್ಳು’. ಶಾಲೆಗೆ ಹೋಗುವಾಗ ಸೈಕಲ್ಲು ನನ್ನನ್ನು ಹೊತ್ತದ್ದಕ್ಕಿಂತ ನಾನು ಅದನ್ನು ತಳ್ಳಿದ್ದೇ ಹೆಚ್ಚು.

‘ತುಳಿ’ಯಿಂದ ‘ತುಳಿಗ’ ಮಾಡೋಣ ಎಂದು ಒಬ್ಬ ಸೂಚಿಸಿದ. ‘ತುಳಿತಕ್ಕೊಳಗಾದವರು’ ಅನ್ನುವ ಮಾತು ಇರುವ ಭಾಷೆಯಲ್ಲಿ ತುಳಿಗ ಅಂದರೆ ಪಾಳೇಗಾರನ ಹಾಗೆ ಕೇಳುತ್ತದೆ. ಇನ್ನೊಬ್ಬ, ದುಬಾರೆಯಲ್ಲಿ ಮಾವುತರಿರುವಾಗ ನಮ್ಮದು ‘ರಾವುತ’ ಆಗಲಿ ಅಂದ. ಚೆಂದವಿದೆ, ಆದರೆ ರಾವುತನಿಗೂ ಕುದುರೆಯೇ ಬೇಕು. ನನಗೆ ತೋಚಿದ್ದು ‘ಸೈಕಲಿಗ’: ಕನ್ನಡಿಗ, ಗಾಣಿಗ, ಲೆಕ್ಕಿಗ ಇದ್ದ ಹಾಗೆ. ಹೆಂಗಸರಿಗೆ ‘ಸೈಕಲಿಗಿತ್ತಿ’. ಇರುವ ತೊಡಕು, ವೇಗವಾಗಿ ಓದಿದರೆ ‘ಸೈಕಲಿಗೆ’ ಅಂತ ಚತುರ್ಥಿ ವಿಭಕ್ತಿಯಾಗಿ ಕಾಣುತ್ತದೆ. ಅತ್ತೆಯ ಆಕ್ಷೇಪವಿಲ್ಲ.

ಬಟ್ಟೆಯ ಪುಟಕ್ಕೆ ಬಂದರೆ ಇನ್ನೊಂದು ಗೋಜಲು. ಜರ್ಸಿ ಎಂದು ಬರೆದರೆ ಹುಡುಗರಿಗೆ ಬೆನ್ನಿನಲ್ಲಿ ಮೂರು ಜೇಬಿರುವ ಅಂಗಿ. ಬಗ್ಗಿ ಕೂತಾಗ ಎದೆಯ ಜೇಬಿನದು ನೇತಾಡಿ ಬೀಳುತ್ತದೆ, ಅದಕ್ಕೆ ಜೇಬು ಹಿಂದೆ. ನಾನು ಮನೆಗೆ ಬಂದು “ಎರಡು ಸಾವಿರಕ್ಕೆ ಜರ್ಸಿ ತಗೊಂಡೆ” ಅಂದಾಗ ಪಕ್ಕದ ಮನೆಯವರು ಬೇಲಿಯಾಚೆಯಿಂದ “ಅಷ್ಟಕ್ಕೆ ಹೇಗೆ ಸಿಕ್ಕಿತು? ಗಬ್ಬವಾ?” ಅಂತ ಕೇಳಿದರು. ಅವರ ತಪ್ಪಲ್ಲ. ಹಸುವೂ ಅಂಗಿಯೂ ಒಂದೇ ಊರಿನವು: ಇಂಗ್ಲಿಷ್ ಕಾಲುವೆಯಲ್ಲಿರುವ ಜರ್ಸಿ ದ್ವೀಪ. ಅಲ್ಲಿ ಹೆಣೆದ ಉಣ್ಣೆಯ ಬಟ್ಟೆ ಹೆಸರುವಾಸಿಯಾಗಿತ್ತು, ತಳಿಯೂ ಅಲ್ಲಿಯದೇ. ಜರ್ಸಿಯನ್ನು ಹಾಗೇ ಬಿಡುತ್ತೇನೆ, ಹಸು ಬೇಕಾದವರು ಸೀಮೆಹಸು ಅನ್ನಲಿ.

ಮೆತ್ತೆ ಹೊಲಿದ ಬಿಗಿ ಚಡ್ಡಿಗೆ ‘ಸೈಕ್ಲಿಂಗ್ ಶಾರ್ಟ್ಸ್’ ಅನ್ನಬೇಕಾಗಿಯೇ ಇಲ್ಲ, ‘ನಿಕ್ಕರ್’ ನಮ್ಮಲ್ಲಿದೆ. ಅದು ಮೊದಲಿನಿಂದಲೂ ಸೈಕಲ್ಲಿನ ನೆಂಟ. 1809ರಲ್ಲಿ ಅಮೆರಿಕದ ವಾಷಿಂಗ್ಟನ್ ಇರ್ವಿಂಗ್ ತನ್ನ ಹಾಸ್ಯ ಬರಹಕ್ಕೆ ನಿಕರ್‌ಬಾಕರ್ ಎಂಬ ಡಚ್ ಹೆಸರಿನ ಕಲ್ಪಿತ ಲೇಖಕನನ್ನು ಸೃಷ್ಟಿಸಿದ. ಅದರ ಚಿತ್ರಗಳಲ್ಲಿ ಡಚ್ಚರು ಹಾಕಿದ್ದ, ಮೊಣಕಾಲಿನ ಕೆಳಗೆ ಬಿಗಿಯುವ ದೊಗಳೆ ಚಡ್ಡಿಗೆ ಆ ಹೆಸರು ಅಂಟಿತು. 1890ರ ದಶಕದಲ್ಲಿ ಸೈಕಲ್ ಹುಚ್ಚು ಹಿಡಿದಾಗ ಗಂಡಸರೂ ಹೆಂಗಸರೂ ಅದನ್ನೇ ಹಾಕಿ ಹೊರಟರು, ಚೈನಿಗೆ ಸಿಕ್ಕುವುದಿಲ್ಲ ಅಂತ. ಅದು ಮೊಟಕಾಗಿ ನಮ್ಮಲ್ಲಿಗೆ ಬಂದು ಶಾಲೆಯ ಹುಡುಗರ ಖಾಕಿ ನಿಕ್ಕರ್ ಆಯಿತು. ಒಳಗಿನ ಮೆತ್ತೆಗೆ ಇಂಗ್ಲಿಷರು ಈಗಲೂ ‘ಶಾಮಿ’ ಅನ್ನುತ್ತಾರೆ. ಯುರೋಪಿನ ಬೆಟ್ಟಗಳ ಮೇಕೆಜಾತಿಯ ಒಂದು ಪ್ರಾಣಿಯ ಚರ್ಮ ಅದು. ಚರ್ಮ ಹೋಗಿ ಸ್ಪಂಜು ಬಂದರೂ ಹೆಸರು ಉಳಿದಿದೆ. ನಾವು ಶಾಮಿ ಅಂದರೆ ಬೌಲರ್ ನೆನಪಾಗುತ್ತಾನೆ. ಜೀನಿನ ಕೆಳಗೆ ಹಾಕುವ ‘ತಡಿ’ ಇದೆಯಲ್ಲ, ‘ತಡಿನಿಕ್ಕರ್’ ಆಗಬಹುದೇ? ಕಾವೇರಿಯ ತಡಿಯಲ್ಲಿರುವವರಿಗೆ ತಡಿ ಅಂದರೆ ದಡವೇ ಮೊದಲು ಹೊಳೆಯುತ್ತದೆ ಅನ್ನುವುದೊಂದು ಅಡ್ಡಿ. ಮಳೆಯಂಗಿಗೆ ಮಾತ್ರ ಯೋಚಿಸಲಿಲ್ಲ: ‘ಕೊಪ್ಪೆ’. ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ನೂಕಿ ತಲೆಗೆ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದೆವಲ್ಲ, ಅದೇ ಈಗ ಪ್ಲಾಸ್ಟಿಕ್ಕಿನದಾಗಿದೆ. (ಗೋಣಿಕೊಪ್ಪಲಿಗೂ ಇದಕ್ಕೂ ನಂಟು ಹಚ್ಚಬೇಡಿ, ಅಲ್ಲಿರುವುದು ಕೊಪ್ಪಲು.)

ಕೈಪಿಡಿಯ ಕೊನೆಗೆ ರೇಸಿನವರ ನಂಬಿಕೆಗಳದ್ದೂ ನಾಲ್ಕು ಸಾಲು ಇರಲಿ ಎಂದರು. 13 ಸಂಖ್ಯೆ ಬಂದವರು ಬೆನ್ನಿನ ಎರಡು ಚೀಟಿಗಳಲ್ಲಿ ಒಂದನ್ನು ತಲೆಕೆಳಗಾಗಿ ಚುಚ್ಚಿಕೊಳ್ಳುತ್ತಾರೆ. ಇದನ್ನು ಬರೆಯಲು ಕಷ್ಟವಿಲ್ಲ. ತೊಡಕಾದದ್ದು ಕಾಮನಬಿಲ್ಲಿನ ಜರ್ಸಿ. ವಿಶ್ವ ಚಾಂಪಿಯನ್ ಒಂದು ವರ್ಷ ಕಾಮನಬಿಲ್ಲಿನ ಪಟ್ಟೆಯ ಜರ್ಸಿ ತೊಡುತ್ತಾನೆ, ತೊಟ್ಟವನಿಗೆ ಆ ವರ್ಷ ಕೆಡುಕು ಅನ್ನುತ್ತಾರೆ. 1965ರಲ್ಲಿ ಗೆದ್ದ ಟಾಮ್ ಸಿಂಪ್ಸನ್ ಹಿಮದಲ್ಲಿ ಸ್ಕೀಯಿಂಗ್ ಮಾಡುವಾಗ ಕಾಲು ಮುರಿದುಕೊಂಡ. 1970ರಲ್ಲಿ ಗೆದ್ದ ಬೆಲ್ಜಿಯಂನ ಮೊನ್ಸೆರೆ ಮರು ಮಾರ್ಚಿನಲ್ಲಿ ರೇಸಿನ ನಡುವೆಯೇ ಕಾರಿಗೆ ಡಿಕ್ಕಿಯಾಗಿ ಸತ್ತ. ಇಂಗ್ಲಿಷಿನ ಮಾತನ್ನು ‘ಜರ್ಸಿಯ ಶಾಪ’ ಅಂತ ಬರೆದೆ, ಸರಿ ಕಾಣಲಿಲ್ಲ. ಕನ್ನಡದ ಶಾಪಕ್ಕೆ ಶಪಿಸಿದವರೊಬ್ಬರು ಬೇಕು, ಕಾರಣ ಬೇಕು, ವಿಮೋಚನೆಯೂ ಬೇಕು. ಇಲ್ಲಿ ಯಾರೂ ಇಲ್ಲ. ಗೆದ್ದ ವರ್ಷ ಲೆಕ್ಕಕ್ಕಿಂತ ಚೆನ್ನಾಗಿರುತ್ತದೆ, ಮರುವರ್ಷ ಎಂದಿನ ಮಟ್ಟಕ್ಕೆ ಇಳಿಯುತ್ತದೆ ಅಷ್ಟೆ ಅಂತ ಸಂಖ್ಯಾಶಾಸ್ತ್ರದವರು ಹೇಳುತ್ತಾರೆ. ‘ಗ್ರಹಚಾರ’ ಹಾಕಿದ್ದೇನೆ. ಒಪ್ಪದವರು ತಿಳಿಸಿ.

ಇನ್ನು ಒಂದೇ ಪ್ರಶ್ನೆ. ತಡಿನಿಕ್ಕರ್ ಕೊಳ್ಳದ ಹಾಲಿನವನಿಗೂ ಸೈಕಲ್ಲಿಗೆಂದೇ ಒಂದು ಉಡುಪಿನ ರೀತಿ ಇದೆ. ಚೈನು ಬಲಕ್ಕಿರುವುದರಿಂದ ಪ್ಯಾಂಟಿನ ಬಲಗಾಲನ್ನು ಮಾತ್ರ ಎರಡು ಮಡಿಕೆ ಏರಿಸುತ್ತಾನೆ, ಇಲ್ಲವೇ ಕಾಲುಚೀಲದೊಳಗೆ ತುರುಕುತ್ತಾನೆ, ಇಲ್ಲವೇ ರಬ್ಬರ್ ಬ್ಯಾಂಡ್ ಹಾಕುತ್ತಾನೆ. ಮರೆತವರ ಅಂಚಿನಲ್ಲಿ ಗ್ರೀಸಿನ ಕಪ್ಪು ಹಲ್ಲುಗುರುತು ಸಾಲಾಗಿ ಮೂಡಿರುತ್ತದೆ, ಯಾವ ಸೋಪಿಗೂ ಹೋಗುವುದಿಲ್ಲ; ನನ್ನ ಎರಡು ಪ್ಯಾಂಟಿನಲ್ಲಿವೆ. ಅಂಗಡಿಯಲ್ಲಿ ಒಂದೇ ಕಾಲು ಮಡಚಿ ನಿಂತವನನ್ನು ಕಂಡರೆ ಸೈಕಲ್ಲು ಹೊರಗೆ ನಿಂತಿದೆ ಅಂತ ಗೊತ್ತಾಗುತ್ತದೆ. ಈ ಮಡಿಕೆಗೆ ನಿಮ್ಮ ಕಡೆ ಹೆಸರುಂಟೇ? ಅರೆಭಾಷೆಯವರು, ಕೊಡವ ತಕ್ಕ್ ಆಡುವವರು ಮನೆಯ ಹಿರಿಯರನ್ನು ಕೇಳಿ ನೋಡಿ. ಎಲ್ಲಿಗೋ ಹೊರಟು ನಿಂತಾಗ ಕೇಳಬೇಡಿ, ವಾಪಸ್ ಬಂದ ಮೇಲೆ ಕೇಳಿ.