ಕಮಾನಿಗೂ ಬೆರಳಿಗೂ ಒಗ್ಗುವ ಡಬಲ್ ಬಾಸ್ ತಂತಿ

ಕುಂಬಳೆಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನಲ್ಲಿ ಮುಕ್ಕಾಲು ಅಳತೆಯ, ಪ್ಲೈವುಡ್ಡಿನ ಒಂದು ಡಬಲ್ ಬಾಸ್ (ಪಿಟೀಲಿನಂತೆ ಕಾಣುವ, ನೆಲದ ಮೇಲೆ ನಿಲ್ಲಿಸಿ ನುಡಿಸುವ ದೊಡ್ಡ ಮಂದ್ರ ವಾದ್ಯ) ಇದೆ. ಭಾನುವಾರಗಳಂದು ಇಗರ್ಜಿಯ ಗಾಯನ ಮಂಡಳಿಯ ಜೊತೆಗೆ ಕಮಾನಿನಿಂದ ನುಡಿಸುತ್ತೇನೆ. ಮದುವೆ ಮತ್ತು ಅದಕ್ಕೆ ಮುಂಚಿನ ರೋಸ್ ಸಮಾರಂಭಗಳಲ್ಲಿ ನಮ್ಮ ಐದು ಜನರ ತಂಡದಲ್ಲಿ ಬೆರಳಿನಿಂದ ಮೀಟುತ್ತೇನೆ. ವಾದ್ಯದೊಂದಿಗೇ ಬಂದ ಹೆಸರಿಲ್ಲದ ಉಕ್ಕಿನ ತಂತಿಗಳು ಮೀಟಿದಾಗ ತಕ್ಕಮಟ್ಟಿಗೆ ನುಡಿಯುತ್ತವೆ, ಆದರೆ ಕಮಾನು ಎಳೆದರೆ ಕೆಳಗಿನ ಎರಡು ತಂತಿಗಳು ಕರಕರ ಎನ್ನುತ್ತವೆ. ಒಂದು ಸೆಟ್ ಕೊಳ್ಳುವಷ್ಟು ಹಣವನ್ನು ಕೂಡಿಸಿಟ್ಟಿದ್ದೇನೆ. ಎರಡು ಬಗೆಯ ವಾದನಕ್ಕೂ ಆಗುವ ತಂತಿ ಯಾವುದು? ನಮ್ಮ ಕಡೆಯ ಮಳೆಗಾಲವನ್ನೂ ಗಮನದಲ್ಲಿಟ್ಟುಕೊಂಡು ಅನುಭವಸ್ಥರು ತಿಳಿಸಬೇಕೆಂದು ವಿನಂತಿ.

ಮಂಜೇಶ್ವರದಿಂದ ಉತ್ತರ

ಹನ್ನೊಂದು ವರ್ಷಗಳ ಹಿಂದೆ ನನಗೂ ಇದೇ ಪ್ರಶ್ನೆ ಎದುರಾಗಿತ್ತು, ಆಗ ಕೇಳುವುದಕ್ಕೆ ಹತ್ತಿರದಲ್ಲಿ ಯಾರೂ ಇರಲಿಲ್ಲ. ಆದುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎರಡೂ ಬಗೆಯಲ್ಲಿ ನುಡಿಸುವವರು ಕಮಾನಿನ ಹಿತವನ್ನು ನೋಡಿ ತಂತಿಯನ್ನು ಆರಿಸಬೇಕು. ಮೀಟಿನಲ್ಲಿ ಏನಾದರೂ ಕೊರತೆ ಉಳಿದರೆ ಅದನ್ನು ಬೆರಳಿಡುವ ಜಾಗದಿಂದಲೂ ಫಿಂಗರ್‌ಬೋರ್ಡ್ ಎಂಬ ಬೆರಳೊತ್ತುವ ಹಲಗೆಯಿಂದ ತಂತಿ ಇರುವ ಎತ್ತರವನ್ನು ಹದಗೊಳಿಸುವುದರಿಂದಲೂ ಬಹುಪಾಲು ತುಂಬಿಕೊಳ್ಳಬಹುದು. ಕಮಾನಿಗೆ ಒಗ್ಗದ ತಂತಿಯನ್ನು ಎಷ್ಟು ಸಾಧನೆ ಮಾಡಿದರೂ ಪೂರ್ತಿಯಾಗಿ ಒಗ್ಗಿಸುವುದು ಕಷ್ಟ.

ಇದಕ್ಕೆ ಕಾರಣ ತಂತಿಯ ತಿರುಳಿನಲ್ಲಿ, ಅಂದರೆ ಹೊರಸುತ್ತಿನ ಒಳಗಿರುವ ಎಳೆಯಲ್ಲಿದೆ. ಮೀಟಿದಾಗ ತಂತಿಗೆ ಶಕ್ತಿ ಸಿಗುವುದು ಒಂದೇ ಸಲ, ಆಮೇಲೆ ನಾದ ಎಷ್ಟು ಹೊತ್ತು ನಿಲ್ಲುತ್ತದೆಂಬುದು ಆ ಶಕ್ತಿಯನ್ನು ತಂತಿಯು ತನ್ನೊಳಗೇ ಎಷ್ಟು ಬೇಗ ಕಳೆದುಕೊಳ್ಳುತ್ತದೆಂಬುದರ ಮೇಲೆ ನಿಂತಿದೆ. ಉಕ್ಕಿನ ತಿರುಳು ನಿಧಾನವಾಗಿ ಕಳೆದುಕೊಳ್ಳುವುದರಿಂದ ನಾದ ದೀರ್ಘವಾಗಿ ಹರಿಯುತ್ತದೆ. ಹಿಂದಿನ ಕಾಲದ ಕರುಳಿನ ತಂತಿಯಲ್ಲಿ ಅದು ದಪ್ಪವಾಗಿ, ಮೆತ್ತಗೆ ಹುಟ್ಟಿ ಬೇಗನೆ ಅಡಗುತ್ತದೆ. ಕಮಾನಿನ ಕೆಲಸವೇ ಬೇರೆ. ರಾಳ ಹಚ್ಚಿದ ಕೂದಲು ತಂತಿಯನ್ನು ಹಿಡಿದೆಳೆಯುತ್ತದೆ, ತಂತಿ ಜಾರಿಕೊಂಡು ಹಿಂದಕ್ಕೆ ಹೋಗುತ್ತದೆ, ಮತ್ತೆ ಹಿಡಿತಕ್ಕೆ ಸಿಗುತ್ತದೆ. ಸ್ವರ ಶುದ್ಧವಾಗಿ ಕೇಳಬೇಕಾದರೆ ಈ ಹಿಡಿತ ಮತ್ತು ಜಾರುವಿಕೆ ಪ್ರತಿ ಕಂಪನಕ್ಕೆ ಒಮ್ಮೆ ಕ್ರಮ ತಪ್ಪದೆ ನಡೆಯಬೇಕು. ಬೆರಳಿಡದೆ ನುಡಿಸಿದರೆ ಎಲ್ಲಕ್ಕಿಂತ ಕೆಳಸ್ವರದ ಇ ತಂತಿಯಲ್ಲಿ ಸೆಕೆಂಡಿಗೆ ಸುಮಾರು 41 ಸಲ, ಎ ತಂತಿಯಲ್ಲಿ 55 ಸಲ, ಡಿ ತಂತಿಯಲ್ಲಿ 73 ಸಲ, ಜಿ ತಂತಿಯಲ್ಲಿ 98 ಸಲ. ಇಷ್ಟು ನಿಧಾನವಾದ ಕಂಪನ ಒಂದು ಕ್ರಮಕ್ಕೆ ಬರುವ ಮೊದಲು ಕೇಳಿಸುವ ಗದ್ದಲವೇ ನೀವು ಹೇಳಿದ ಆ ಕರಕರ. ತಂತಿಯ ಒಳಗೆ ಅನಗತ್ಯ ಕಂಪನಗಳನ್ನು ತಗ್ಗಿಸುವ ಗುಣ ಸ್ವಲ್ಪ ಇದ್ದರೆ ಸ್ವರ ಬೇಗ ಹದಕ್ಕೆ ಬರುತ್ತದೆ, ಅದೇ ಗುಣ ಮೀಟಿನ ನಾದವನ್ನು ಕುಗ್ಗಿಸುತ್ತದೆ. ಎರಡಕ್ಕೂ ಒಂದೇ ತಂತಿ ಬೇಕೆನ್ನುವವರಿಗೆ ಎದುರಾಗುವ ತೊಡಕು ಇದೊಂದೇ, ಉಳಿದುದೆಲ್ಲ ಇದರ ಕವಲುಗಳು.

ನಾನು ಮೊದಲ ಸಲ ಹೊಸ ತಂತಿ ಕೊಂಡಾಗ ಈ ವಿಚಾರ ತಿಳಿಯದೆ, ಹೆಚ್ಚು ಬಿಗಿತದ ತಂತಿಯಿಂದ ಹೆಚ್ಚು ನಾದ ಬರುತ್ತದೆಂದು ನಂಬಿ, ಬಹಳ ದಪ್ಪನೆಯ ಒಂದು ಉಕ್ಕಿನ ಸೆಟ್ ತರಿಸಿದೆ. ಮೀಟಿದರೆ ಸಭಾಂಗಣದ ಕೊನೆಯ ಸಾಲಿಗೂ ಕೇಳಿಸುತ್ತಿತ್ತು. ಆದರೆ ಬಲಿಪೂಜೆಯಲ್ಲಿ ಕಮಾನು ಹಿಡಿದಾಗ, ಗಾಯಕರು ಹಾಡಿನ ಮೊದಲ ಅಕ್ಷರವನ್ನು ಹಾಡಿ ಮುಗಿಸಿದ ಮೇಲೆ ನನ್ನ ಇ ತಂತಿ ಬಾಯಿಬಿಡುತ್ತಿತ್ತು. ಆಧಾರ ಸ್ವರ ಕೊಡಬೇಕಾದ ವಾದ್ಯವೇ ಹಿಂದೆ ಬಿದ್ದರೆ ಮಂಡಳಿಯ ಶ್ರುತಿ ಹಾಗೂ ಲಯ ಎರಡೂ ಅಲುಗುತ್ತವೆ. ಆ ದುಃಖ ನನಗೆ ಈಗಲೂ ನೆನಪಿದೆ. ಒಂದು ವರ್ಷ ಹೆಣಗಿದ ಮೇಲೆ ಬಿಗಿತ ಕಡಿಮೆಯ ಸೆಟ್ಟಿಗೆ ಬದಲಾಯಿಸಿದೆ, ಪ್ಲೈವುಡ್ಡಿನ ಮುಖಹಲಗೆ ಹಗುರಾದಂತೆ ಕಂಡು ವಾದ್ಯದ ಧ್ವನಿ ಇನ್ನಷ್ಟು ತೆರೆದುಕೊಂಡಿತು. ನಾಲ್ಕು ತಂತಿಗಳು ಸೇರಿ ವಾದ್ಯದ ಮೇಲೆ ಹಾಕುವ ಎಳೆತ ನೂರು ಕಿಲೋಗ್ರಾಂಗಿಂತಲೂ ಹೆಚ್ಚಿರುತ್ತದೆ ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ.

ಹೆಸರು ಹಿಡಿದು ಹೇಳುವುದಾದರೆ, ಅಮೆರಿಕದ ಡಿಅಡಾರಿಯೋ ಸಂಸ್ಥೆಯ ಹೆಲಿಕೋರ್ ತಂತಿಗಳಲ್ಲಿ ಆರ್ಕೆಸ್ಟ್ರಲ್, ಪಿಜ಼ಿಕಾಟೋ, ಹೈಬ್ರಿಡ್ ಎಂಬ ಬಗೆಗಳಿವೆ. ಮೊದಲನೆಯದು ಕಮಾನಿಗೆ, ಎರಡನೆಯದು ಮೀಟಿಗೆ, ಹೈಬ್ರಿಡ್ ಎರಡಕ್ಕೂ ಎಂದು ಉದ್ದೇಶಿಸಿ ಮಾಡಿದಂಥವು. ಹಲವು ಉಕ್ಕಿನ ಎಳೆಗಳನ್ನು ಹೊಸೆದ ತಿರುಳು ಇರುವುದರಿಂದ ಅವು ಬಳುಕುತ್ತವೆ. ನಾನು ಈಗ ಬಳಸುತ್ತಿರುವುದು ಹೈಬ್ರಿಡ್, ಅದೂ ಕಡಿಮೆ ಬಿಗಿತದ್ದು. ಜರ್ಮನಿಯ ಪಿರಾಸ್ಟ್ರೋ ಸಂಸ್ಥೆಯ ಇವಾ ಪಿರಾಜ಼ಿ ಮತ್ತು ಓಬ್ಲಿಗಾಟೋ ತಂತಿಗಳ ತಿರುಳು ಕೃತಕ ನಾರಿನದು. ಕರುಳಿನ ತಂತಿಯ ಬೆಚ್ಚನೆಯ ಗುಣವನ್ನು ಉಳಿಸಿಕೊಂಡು, ಕಮಾನಿಗೂ ಚೆನ್ನಾಗಿ ಸ್ಪಂದಿಸುತ್ತವೆ, ಬೆಲೆಯೂ ಹೆಚ್ಚು. ಅದೇ ಸಂಸ್ಥೆಯ ಒರಿಜಿನಲ್ ಫ್ಲೆಕ್ಸೋಕೋರ್ ಕಮಾನಿನಲ್ಲಿ ಅತ್ಯಂತ ಸುಂದರವಾಗಿದ್ದರೂ ಅದರ ಮೀಟಿನ ನಾದ ಗಿಡ್ಡ, ನಿಮ್ಮ ಮದುವೆ ತಂಡಕ್ಕೆ ಸಾಲದು. ಹಣ ಒಂದೇ ಸೆಟ್ಟಿಗೆ ಇರುವುದರಿಂದ ನಿಮಗೆ ಹೈಬ್ರಿಡ್ಡನ್ನೇ ಸೂಚಿಸುತ್ತೇನೆ.

ತರಿಸುವ ಮೊದಲು, ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾಯುವ ಮೇಲಿನ ಕಟ್ಟೆಯಿಂದ, ಮುಖಹಲಗೆಯ ಮೇಲೆ ತಂತಿಗಳನ್ನು ಹೊತ್ತು ನಿಂತಿರುವ ಕುದುರೆಯವರೆಗಿನ ತಂತಿಯ ಉದ್ದವನ್ನು ಅಳೆಯಿರಿ. ಮುಕ್ಕಾಲು ಅಳತೆಯ ವಾದ್ಯದಲ್ಲಿ ಅದು ಸುಮಾರು 104ರಿಂದ 106 ಸೆಂಟಿಮೀಟರ್ ಇರುತ್ತದೆ.

ಹೊಸೂರಿನಿಂದ ಉತ್ತರ

ಮಂಜೇಶ್ವರದ ಹಿರಿಯರು ಹೇಳಿದ ಬಹಳಷ್ಟನ್ನು ಒಪ್ಪುತ್ತೇನೆ, ಆದರೆ ಕಮಾನೇ ತೀರ್ಮಾನಿಸಬೇಕೆಂಬ ಮಾತಿಗೆ ನನ್ನ ಅನುಭವ ಪೂರ್ತಿ ಒಪ್ಪುವುದಿಲ್ಲ. ನಾನು ಬೆಂಗಳೂರಿನ ತಂಡಗಳಲ್ಲಿ ಜಾಝ್ ನುಡಿಸುವವನು. ಹತ್ತರಲ್ಲಿ ಎಂಟು ಪಾಲು ಮೀಟು, ಎರಡು ಪಾಲು ಕಮಾನು. ನನ್ನ ವಾದ್ಯದಲ್ಲಿರುವುದು ವಿಯೆನ್ನಾದ ಥೋಮಾಸ್ಟಿಕ್-ಇನ್‌ಫೆಲ್ಡ್ ಸಂಸ್ಥೆಯ ಸ್ಪಿರೋಕೋರ್. ವೈಖ್, ಮಿಟೆಲ್, ಸ್ಟಾರ್ಕ್ ಎಂದು ಮೂರು ಬಿಗಿತಗಳಲ್ಲಿ ಅದು ದೊರೆಯುತ್ತದೆ. ಜರ್ಮನ್ ಭಾಷೆಯಲ್ಲಿ ಈ ಪದಗಳಿಗೆ ಮೃದು, ಮಧ್ಯಮ, ಬಲಿಷ್ಠ ಎಂದು ಅರ್ಥ. ಮೀಟಿನಲ್ಲಿ ಅದರಷ್ಟು ದೀರ್ಘವಾಗಿ ಹಾಡುವ ತಂತಿ ವಿರಳ. ಹೊಸದರಲ್ಲಿ ಅದರ ಧ್ವನಿ ಲೋಹದಂತೆ ಹರಿತವಾಗಿದ್ದು ಕಮಾನಿಗೆ ಸುಲಭವಾಗಿ ಬಗ್ಗುವುದಿಲ್ಲ ಎಂಬುದು ನಿಜ. ಆದರೆ ಕೆಲವು ತಿಂಗಳು ದಿನವೂ ನುಡಿಸಿದರೆ ಹರಿತ ಇಳಿಯುತ್ತದೆ. ಕಮಾನನ್ನು ನಿಧಾನವಾಗಿ, ಕುದುರೆಗೆ ತುಸು ಹತ್ತಿರದಲ್ಲಿ, ಕೂದಲು ತಂತಿಯನ್ನು ಚೆನ್ನಾಗಿ ಕಚ್ಚುವಂತೆ ಇಟ್ಟು ಎಳೆಯುವುದನ್ನು ಕಲಿತರೆ ವೈಖ್ ಬಗೆಯ ಸೆಟ್ ಕಮಾನಿಗೂ ಮರ್ಯಾದೆಯಿಂದಲೇ ನುಡಿಯುತ್ತದೆ. ಒಂದೇ ಸೆಟ್ಟನ್ನು ಹಲವು ವರ್ಷ ಉಳಿಸಿಕೊಳ್ಳುವ ಮೀಟುಗಾರರೂ ಇದ್ದಾರೆ, ಹಣದ ಲೆಕ್ಕದಲ್ಲಿ ಇದು ಸಣ್ಣ ಮಾತಲ್ಲ.

ಇನ್ನೊಂದು ದಾರಿಯೂ ಇದೆ. ಎಲ್ಲ ನಾಲ್ಕು ತಂತಿಗಳೂ ಒಂದೇ ಸೆಟ್ಟಿನವಾಗಿರಬೇಕೆಂಬ ನಿಯಮವೇನೂ ಇಲ್ಲ. ಇ ಮತ್ತು ಎ ತಂತಿಗಳಿಗೆ ಉಕ್ಕಿನ ತಿರುಳು, ಡಿ ಮತ್ತು ಜಿ ತಂತಿಗಳಿಗೆ ನಾರಿನ ತಿರುಳು ಎಂದು ಬೆರೆಸುವವರು ಅನೇಕರು. ಹೀಗೆ ಮಾಡುವಾಗ ಎ ತಂತಿಯಿಂದ ಡಿ ತಂತಿಗೆ ದಾಟುವಾಗ ಧ್ವನಿಯಾಗಲಿ ಬಿಗಿತವಾಗಲಿ ಒಮ್ಮೆಲೇ ಬದಲಾಗದಂತೆ ನೋಡಿಕೊಳ್ಳಬೇಕು. ಆದರೆ ನಿಮ್ಮ ತೊಂದರೆ ಇರುವುದು ಕೆಳಗಿನ ಎರಡು ತಂತಿಗಳಲ್ಲಿ, ಅದೂ ಕಮಾನಿನಲ್ಲಿ. ಆ ಒಂದು ಸಂಗತಿಯನ್ನು ನೋಡಿದರೆ ನಿಮ್ಮ ಮಟ್ಟಿಗೆ ಮಂಜೇಶ್ವರದವರ ಸಲಹೆಯೇ ಸರಿಯಿರಬಹುದು ಎಂದು ಬರೆಯುತ್ತ ಬರೆಯುತ್ತ ನನಗೇ ಅನಿಸುತ್ತಿದೆ.

ಬದಿಯಡ್ಕದಿಂದ ಉತ್ತರ

ಯಾವ ತಂತಿ ಎಂಬ ಬಗ್ಗೆ ಮೇಲಿನವರು ಹೇಳಿದ್ದಾರೆ. ನಾನು ಮಳೆಗಾಲದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ತಂತಿಯದೆಂದು ಕಾಣುವ ಎಷ್ಟೋ ತೊಂದರೆಗಳು ನಿಜವಾಗಿ ತೇವಾಂಶದವು.

ಮಳೆ ಜೋರಾದ ಆಟಿ ತಿಂಗಳಲ್ಲಿ ಮದ್ದಳೆಯ ಚರ್ಮದ ಬಿಗಿ ಇಳಿಯುವುದನ್ನು ಯಕ್ಷಗಾನದ ಹಿಮ್ಮೇಳ ನೋಡಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬಾಸಿನಲ್ಲಿ ತೇವ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ: ಮರ ಹಿಗ್ಗುತ್ತದೆ, ಮುಖಹಲಗೆ ಉಬ್ಬಿ ಕುದುರೆಯನ್ನು ಮೇಲಕ್ಕೆತ್ತುತ್ತದೆ, ತಂತಿಗಳು ಫಿಂಗರ್‌ಬೋರ್ಡಿನಿಂದ ದೂರವಾಗುತ್ತವೆ. ಪ್ಲೈವುಡ್ಡಿನಲ್ಲಿ ಈ ಬದಲಾವಣೆ ಕೆತ್ತಿದ ಮರದಲ್ಲಿರುವುದಕ್ಕಿಂತ ಕಡಿಮೆ, ಆದರೂ ಇದ್ದೇ ಇದೆ. ಮೇ ತಿಂಗಳಲ್ಲಿ ಮೃದುವಾಗಿದ್ದ ತಂತಿ ಜುಲೈಯಲ್ಲಿ ಗಟ್ಟಿಯಾಯಿತೆಂದು ದೂರುವ ಮೊದಲು ಎತ್ತರವನ್ನು ಅಳೆಯಬೇಕು. ಎರಡು ಬಗೆಯ ವಾದನಕ್ಕೂ ಫಿಂಗರ್‌ಬೋರ್ಡಿನ ಕೆಳತುದಿಯಲ್ಲಿ ಜಿ ತಂತಿ 6 ಮಿಲಿಮೀಟರ್, ಇ ತಂತಿ 9 ಮಿಲಿಮೀಟರ್ ಆಸುಪಾಸಿನಲ್ಲಿದ್ದರೆ ನನಗೆ ಸರಿಹೋಗುತ್ತದೆ. ಇನ್ನೂ ತಗ್ಗಿಸಿದರೆ ಕಮಾನಿನ ಜೋರಾದ ಎಳೆತಕ್ಕೆ ತಂತಿ ಫಿಂಗರ್‌ಬೋರ್ಡಿಗೆ ಬಡಿಯುತ್ತದೆ. ಕುದುರೆಯ ಕಾಲುಗಳಲ್ಲಿ ತಿರುಗಿಸುವ ಚಕ್ರಗಳನ್ನು ಕೂರಿಸಿಕೊಂಡರೆ ಋತುವಿಗೆ ತಕ್ಕಂತೆ ಎತ್ತರಿಸಿ ತಗ್ಗಿಸಬಹುದು. ನನ್ನ ಮಟ್ಟಿಗೆ ಆ ಚಕ್ರಗಳಿಗೆ ಕೊಟ್ಟ ಹಣ ಯಾವ ತಂತಿಗೆ ಕೊಟ್ಟ ಹಣಕ್ಕಿಂತಲೂ ಸಾರ್ಥಕವಾಯಿತು.

ಕಮಾನಿನ ಕೂದಲು ತೇವದಲ್ಲಿ ಉದ್ದವಾಗುತ್ತದೆ. ನುಡಿಸಿದ ಮೇಲೆ ಸಡಿಲಿಸಿಡಿ, ಮತ್ತೆ ನುಡಿಸುವಾಗ ಹೊಸದಾಗಿ ಬಿಗಿಮಾಡಿ. ರಾಳದ ವಿಷಯದಲ್ಲಿ ಪಿಟೀಲಿನ ರಾಳವನ್ನು ಬಾಸಿಗೆ ಹಚ್ಚುವ ತಪ್ಪನ್ನು ನಮ್ಮ ಕಡೆ ಅನೇಕರು ಮಾಡುತ್ತಾರೆ. ಬಾಸಿನ ದಪ್ಪ ತಂತಿಯನ್ನು ಹಿಡಿದೆಳೆಯಲು ಅಂಟು ಹೆಚ್ಚಿರುವ ರಾಳವೇ ಬೇಕು, ನಿಮ್ಮ ಕರಕರಕ್ಕೆ ಅದೂ ಒಂದು ಕಾರಣ ಆಗಿರಬಹುದು. ಪಾಪ್ಸ್ ಎಂಬ ರಾಳ ಬಹಳ ಮೃದು, ಏಪ್ರಿಲ್ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟರೆ ಹರಿದು ಚೀಲಕ್ಕೆ ಅಂಟಿಕೊಳ್ಳುತ್ತದೆ. ಕೋಲ್‌ಸ್ಟೀನ್ ರಾಳದಲ್ಲಿ ಮೃದು, ಸರ್ವಋತು, ಗಟ್ಟಿ ಎಂಬ ಬಗೆಗಳು ಸಿಗುವುದರಿಂದ ನಾನು ಬೇಸಿಗೆಗೆ ಗಟ್ಟಿಯನ್ನು ಇಟ್ಟುಕೊಳ್ಳುತ್ತೇನೆ.

ಎರಡೂ ಬಗೆಯಲ್ಲಿ ನುಡಿಸುವವರು ಪಾಲಿಸಬೇಕಾದ ಒಂದು ಶಿಸ್ತಿದೆ. ಕಮಾನು ಓಡಾಡುವ ಜಾಗವನ್ನು, ಅಂದರೆ ಫಿಂಗರ್‌ಬೋರ್ಡಿನ ತುದಿ ಮತ್ತು ಕುದುರೆಯ ನಡುವಿನ ಭಾಗವನ್ನು, ಮೀಟುವ ಬೆರಳಿನಿಂದ ಮುಟ್ಟಬಾರದು. ಕೈಯ ಬೆವರು ಮತ್ತು ಎಣ್ಣೆ ಅಲ್ಲಿ ಸೇರಿದರೆ ಕೂದಲು ಜಾರುತ್ತದೆ. ಮೀಟನ್ನು ಫಿಂಗರ್‌ಬೋರ್ಡಿನ ಮೇಲೆಯೇ, ತೋರುಬೆರಳಿನ ಪಕ್ಕದ ಮಾಂಸಲ ಭಾಗದಿಂದ ಮಾಡಿದರೆ ನಾದವೂ ದಪ್ಪವಾಗಿ ಬರುತ್ತದೆ. ನುಡಿಸಿ ಮುಗಿಸಿದ ಕೂಡಲೇ ಎರಡು ಬೇರೆ ಬೇರೆ ಒಣ ಬಟ್ಟೆಗಳಿಂದ, ಒಂದರಿಂದ ರಾಳವನ್ನೂ ಇನ್ನೊಂದರಿಂದ ಬೆವರನ್ನೂ, ಒರೆಸಿ. ಉಪ್ಪುಗಾಳಿಯ ನಮ್ಮೂರುಗಳಲ್ಲಿ ಇದನ್ನು ಬಿಟ್ಟರೆ ತಂತಿ ಬೇಗ ಕಪ್ಪಾಗುತ್ತದೆ. ತಂತಿಗೆ ಮೆತ್ತಿದ ಹಳೆಯ ರಾಳವನ್ನು ತೆಗೆಯಲು ಆಲ್ಕೊಹಾಲ್ ಬಳಸುವುದಾದರೆ ಒಂದು ಹನಿಯೂ ವಾರ್ನಿಷ್ ಮೇಲೆ ಬೀಳದಂತೆ ಕೆಳಗೆ ದಪ್ಪ ಬಟ್ಟೆ ಹಾಸಿಕೊಳ್ಳಿ.

ಮಂಜೇಶ್ವರದಿಂದ ಮತ್ತೊಮ್ಮೆ

ಬದಿಯಡ್ಕದವರ ಮಾತು ಓದಿದ ಮೇಲೆ ನನ್ನ ಸಲಹೆಯ ಕ್ರಮವನ್ನು ಬದಲಾಯಿಸುತ್ತೇನೆ. ಮೊದಲು ಬಾಸಿನದೇ ರಾಳ ತರಿಸಿ, ಹಳೆಯ ತಂತಿಗಳನ್ನು ಶುಚಿಗೊಳಿಸಿ, ಎತ್ತರ ಸರಿಪಡಿಸಿ ಎರಡು ವಾರ ನುಡಿಸಿ ನೋಡಿ. ಕರಕರ ಉಳಿದರೆ ಹೈಬ್ರಿಡ್ ತರಿಸಿ.

ಬದಲಾಯಿಸುವಾಗ ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ. ವಾದ್ಯದ ಒಳಗೆ ಮುಖಹಲಗೆ ಮತ್ತು ಬೆನ್ನಹಲಗೆಗಳ ನಡುವೆ ನಿಂತಿರುವ ಸೌಂಡ್ ಪೋಸ್ಟ್ ಎಂಬ ಮರದ ಕಡ್ಡಿಯನ್ನು ಅಂಟು ಹಾಕಿ ಕೂರಿಸಿರುವುದಿಲ್ಲ, ತಂತಿಗಳ ಒತ್ತಡವೇ ಅದನ್ನು ಹಿಡಿದಿರುತ್ತದೆ. ಒತ್ತಡ ಪೂರ್ತಿ ಹೋದರೆ ಅದು ಬೀಳಬಹುದು, ಮತ್ತೆ ನಿಲ್ಲಿಸಲು ತಿಳಿದವರು ನಮ್ಮ ಸುತ್ತಮುತ್ತ ಸುಲಭಕ್ಕೆ ಸಿಗುವುದಿಲ್ಲ. ಒಂದನ್ನು ತೆಗೆದು ಹೊಸದನ್ನು ಶ್ರುತಿಗೆ ತಂದ ಮೇಲೆ ಇನ್ನೊಂದಕ್ಕೆ ಕೈಹಾಕಿ. ಕಟ್ಟೆಯ ಮತ್ತು ಕುದುರೆಯ ಕಚ್ಚುಗಳಲ್ಲಿ ಮೆತ್ತನೆಯ ಪೆನ್ಸಿಲ್ ತಿಕ್ಕಿದರೆ ತಂತಿ ಸಲೀಸಾಗಿ ಜಾರುತ್ತದೆ. ಬಿಗಿಮಾಡುತ್ತ ಹೋದಂತೆ ಕುದುರೆಯ ಮೇಲ್ಭಾಗ ಫಿಂಗರ್‌ಬೋರ್ಡಿನ ಕಡೆಗೆ ವಾಲುತ್ತದೆ, ಅದನ್ನು ಎರಡೂ ಕೈಗಳಿಂದ ಹಿಡಿದು ನೆಟ್ಟಗೆ ಮಾಡುತ್ತಿರಬೇಕು. ಹೊಸ ತಂತಿ ಕೆಲವು ದಿನ ಶ್ರುತಿ ಇಳಿಯುತ್ತಲೇ ಇರುವುದರಿಂದ, ದೊಡ್ಡ ಹಬ್ಬದ ಹಿಂದಿನ ವಾರ ಈ ಕೆಲಸ ಬೇಡ.

ತೆಗೆದ ಹಳೆಯ ತಂತಿಗಳನ್ನು ದೊಡ್ಡ ಸುರುಳಿಯಾಗಿ ಸುತ್ತಿ, ಮಡಚದೆ, ಒಣ ಜಾಗದಲ್ಲಿ ಇಟ್ಟುಕೊಳ್ಳಿ. ಶನಿವಾರ ರಾತ್ರಿ ಒಂದು ತಂತಿ ತುಂಡಾದರೆ ಭಾನುವಾರದ ಪೂಜೆಗೆ ಅವೇ ಆಗಬೇಕು.