ಮನೇಲಿ ಮಾಡಿದ 4×5 ಮರದ ಕ್ಯಾಮೆರಾ: ಅಜ್ಜಿ ಮುಖ ಮಸುಕು, ಹಿಂದಿನ ಕಂಬ ಶಾರ್ಪ್, ಯಾಕೆ?

ಜಗಲಿಕಟ್ಟೆ:
ಎಲ್ಲರಿಗೂ ನಮಸ್ಕಾರ. ದೀಪಾವಳಿಯಿಂದ ಕೂತು 4×5 ಇಂಚಿನ ಫಿಲ್ಮ್ ಹಾಳೆ ಹಾಕೋ ಒಂದು ಕ್ಯಾಮೆರಾ ಮಾಡಿದೀನಿ. ಮನೆ ರಿಪೇರಿಲಿ ತೆಗ್ಸಿದ ಹಳೇ ತೇಗದ ಬಾಗಿಲು ಚೌಕಟ್ಟು ಇತ್ತು, ಅದನ್ನೇ ಬಡಗಿ ಹತ್ರ ಸೀಳಿಸ್ಕೊಂಡೆ, ಬೆಲ್ಲೋಸ್ (ಲೆನ್ಸಿಂದ ಫಿಲ್ಮಿನ ತನಕ ಬೆಳಕು ನುಗ್ಗದ ಹಾಗೆ ಮುಚ್ಚೋ ಮಡಿಕೆ ಚೀಲ) ನಾನೇ ಕಪ್ಪು ಬಟ್ಟೆಗೆ ರಟ್ಟಿನ ಪಟ್ಟಿ ಅಂಟಿಸಿ ಮಡಚಿದ್ದು. 150 ಎಂಎಂ ಲೆನ್ಸ್ ಸೆಕೆಂಡ್ ಹ್ಯಾಂಡ್, ಫಿಲ್ಮ್ ಶೀಟ್ ಇಟ್ಟು ಕ್ಯಾಮೆರಾ ಹಿಂದೆ ಸಿಕ್ಕಿಸೋ ಹೋಲ್ಡರ್ ಮಾತ್ರ ರೆಡಿಮೇಡ್. ಫೋಟೋ ತೆಗೆಯೋ ಮುಂಚೆ ಬಿಂಬ ನೋಡಿ ಫೋಕಸ್ ಮಾಡೋ ಗ್ರೌಂಡ್ ಗ್ಲಾಸ್ ಅಂದ್ರೆ 3 ಎಂಎಂ ಕಿಟಕಿ ಗಾಜು, ಕಾರ್ಬೊರಂಡಮ್ ಪುಡಿ ನೀರು ಹಾಕಿ ಉಜ್ಜಿದ್ದು. ಹಸಿರಿಗೆ ಸ್ಪಂದಿಸೋ ಎಕ್ಸ್‌ರೇ ಫಿಲ್ಮ್ ಕತ್ತರಿಸಿ ಹಾಕ್ತಿದೀನಿ.

ಅಜ್ಜಿನ ಜಗಲಿ ಮೇಲೆ ಕೂರಿಸಿ 2 ಮೀಟರ್ ದೂರದಿಂದ ಎಫ್ 8ರಲ್ಲಿ ತೆಗ್ದೆ. ಬಟ್ಟೆ ಹೊದ್ಕೊಂಡು ಭೂತಗನ್ನಡಿ ಹಿಡಿದು ಕಣ್ಣಿಗೇ ಫೋಕಸ್ ಮಾಡಿದ್ದು. ನೆಗೆಟಿವ್ ನೋಡಿದ್ರೆ ಮುಖ ಮಸುಕು, ಒಂದಡಿ ಹಿಂದಿರೋ ಕಂಬದ ಕೆತ್ತನೆ ಮಾತ್ರ ಸ್ಪಷ್ಟ. 3 ಶೀಟಲ್ಲೂ ಹಿಂಗೇ. ಅಜ್ಜಿ ಅಲ್ಲಾಡಿದ್ರಾ? ಇನ್ನೊಂದು, ಎಡ ಅಂಚಲ್ಲಿ ಪ್ರತಿಸಲ ಹೊಗೆ ಥರ ಕಪ್ಪು. ಅಜ್ಜಿಗೆ 88 ವರ್ಷ, ಪದೇ ಪದೇ ಕೂರಿಸೋಕೆ ಮನಸ್ಸು ಬರಲ್ಲ, ಮುಂದಿನ ಸಲ ಸರಿ ಬರ್ಲೇಬೇಕು.

ಕಪ್ಪುಬಟ್ಟೆ:
ಅಜ್ಜಿ ಅಲ್ಲಾಡಿದ್ರೆ ಮುಖ ಕೆಡತ್ತೆ ಸರಿ, ಆದ್ರೆ ಕಂಬ ಶಾರ್ಪ್ ಆಗೋಕೆ ಅದು ಕಾರಣ ಅಲ್ಲ. ಫೋಕಸ್ಸೇ ಹಿಂದಕ್ಕೆ ಹೋಗಿದೆ, ಅಂದ್ರೆ ಗಾಜಿನ ಮೇಲೆ ನೀವು ನೋಡಿದ ಜಾಗಕ್ಕಿಂತ ಫಿಲ್ಮು ಲೆನ್ಸಿಗೆ ಹತ್ರ ಕೂತಿದೆ. ಗಾಜಿನ ಉಜ್ಜಿದ ಮುಖ ಯಾವ ಕಡೆಗಿದೆ ನೋಡಿ, ಅದು ಲೆನ್ಸ್ ಕಡೆಗೇ ಇರ್ಬೇಕು. ನಿಮ್ಮ ಕಡೆಗಿದ್ರೆ 3 ಎಂಎಂ ಗಾಜಲ್ಲಿ ಸುಮಾರು 2 ಎಂಎಂ ವ್ಯತ್ಯಾಸ ಬರತ್ತೆ, 150ರ ಲೆನ್ಸಿಗೆ 2 ಮೀಟರಲ್ಲಿ ಅದು ಒಂದಡಿಗಿಂತ ಸ್ವಲ್ಪ ಜಾಸ್ತಿ ಹಿಂದೆ, ನಿಮ್ಮ ಕಂಬ ಇರೋ ಜಾಗ ಅದೇ. ತಿರುಗಿಸಿದ್ಮೇಲೂ ನಂಬ್ಬೇಡಿ, ವರ್ನಿಯರಲ್ಲಿ ಅಳೀರಿ: ಚೌಕಟ್ಟಿಂದ ಗಾಜಿನ ಉಜ್ಜಿದ ಮುಖದ ಆಳ, ಹೋಲ್ಡರ್ ಅಂಚಿಂದ ಫಿಲ್ಮಿನ ಆಳ, ಎರಡೂ ಒಂದೇ ಇರ್ಬೇಕು. 4×5 ಹೋಲ್ಡರಲ್ಲಿ ಅದು ಸುಮಾರು 5 ಎಂಎಂ. ಆಮೇಲೆ ಅಜ್ಜಿ ಕೂರೋ ಜಾಗದಲ್ಲಿ ಟೇಬಲ್ ಹಾಕಿ ನ್ಯೂಸ್ ಪೇಪರ್ ಓರೆಯಾಗಿ ನಿಲ್ಲಿಸಿ, ಒಂದು ಸಾಲಿಗೆ ಗುರುತು ಹಾಕಿ ಅದಕ್ಕೇ ಫೋಕಸ್ ಮಾಡಿ ಒಂದು ಶೀಟ್ ಖರ್ಚು ಮಾಡಿ.

ಕೆಂಪುಬಲ್ಬು:
ಗಾಜಿನ ಮಾತು ನೂರಕ್ಕೆ ನೂರು ಸರಿ, ನನ್ನ ಮೊದಲ ಪೆಟ್ಟಿಗೇಲೂ ಇದೇ ಆಗಿತ್ತು. ಆ ಕಪ್ಪು ಹೊಗೆ ಬೆಳಕು ಸೋರಿರೋದು, ನೆಗೆಟಿವಲ್ಲಿ ಬೆಳಕು ಬಿದ್ದ ಜಾಗ ಕಪ್ಪಾಗತ್ತೆ. ರಾತ್ರಿ ಲೈಟೆಲ್ಲ ಆರಿಸಿ ಮೊಬೈಲ್ ಟಾರ್ಚ್ ಕ್ಯಾಮೆರಾ ಒಳಗಿಟ್ಟು ಲೆನ್ಸ್ ಮುಚ್ಚಿ 5 ನಿಮಿಷ ಕತ್ಲಲ್ಲಿ ಕೂತು ಕಣ್ಣು ಹೊಂದಿದ್ಮೇಲೆ ನೋಡಿ, ಬೆಲ್ಲೋಸ್ ಮಡಿಕೆ ಮೂಲೇಲಿ ಚುಕ್ಕಿ ಕಾಣತ್ತೆ. ಅಲ್ಲಿ ಇಲ್ಲ ಅಂದ್ರೆ ಹೋಲ್ಡರ್ ಕೂರೋ ಜಾಗ, ಮರ ಒಂಚೂರು ಸೊಟ್ಟಗಾದ್ರೂ ಸಾಕು, ಕಪ್ಪು ವೆಲ್ವೆಟ್ ಪಟ್ಟಿ ಅಂಟ್ಸಿ. ಆದ್ರೆ ಪಟ್ಟಿ ದಪ್ಪ ಇದ್ರೆ ಹೋಲ್ಡರ್ ಹಿಂದಕ್ಕೆ ಸರಿದು ಮತ್ತೆ ಫೋಕಸ್ ತಪ್ಪತ್ತೆ, ಅದಕ್ಕೆ ಮರದಲ್ಲಿ ಗಾಡಿ, ಅಂದ್ರೆ ಉದ್ದ ತೋಡು, ಹೊಡೆದು ಪಟ್ಟಿನ ಅದರೊಳಗೆ ಕೂರಿಸಿ.

ಇನ್ನೊಂದು ಮಾತು, ಈ ಫಿಲ್ಮಿಗೆ ಕೆಂಪು ಕಾಣಲ್ಲ, ಅಜ್ಜಿ ಕುಂಕುಮ ಇಟ್ಕೊಂಡಿದ್ರೆ ಪ್ರಿಂಟಲ್ಲಿ ಕಡುಕಪ್ಪು ಬೊಟ್ಟು ಬರತ್ತೆ, ಸುಕ್ಕೂ ಎದ್ದು ಕಾಣತ್ತೆ. ನನಗಂತೂ ವಯಸ್ಸಾದವರ ಮುಖಕ್ಕೆ ಅದೇ ಇಷ್ಟ. ಡೆವಲಪ್ ಮಾಡೋವಾಗ ಟ್ರೇ ತಳಕ್ಕೆ ಗಾಜಿನ ಹಾಳೆ ಹಾಕಿ, ಈ ಫಿಲ್ಮಿಗೆ ಎರಡೂ ಕಡೆ ಎಮಲ್ಷನ್ (ಬೆಳಕಿಗೆ ಸ್ಪಂದಿಸೋ ಲೇಪ) ಇರೋದ್ರಿಂದ ಬೇಗ ಗೀರು ಬೀಳತ್ತೆ.

ಜಗಲಿಕಟ್ಟೆ:
ಗಾಜು ಉಲ್ಟಾನೇ ಇತ್ತು! ಉಜ್ಜಿದ ಮುಖ ಕೈಗೆ ಸಿಗ್ಲಿ, ಒರೆಸೋಕೆ ಸುಲಭ ಅಂತ ನಾನೇ ಹೊರಗಿಟ್ಟಿದ್ದೆ. ತಿರುಗಿಸಿ ಅಳೆದ್ರೆ ಇನ್ನೂ ಅರ್ಧ ಎಂಎಂ ವ್ಯತ್ಯಾಸ ಇತ್ತು, ಗಾಜಿನ ಕೆಳಗಿನ ಮರ ಮರಳು ಕಾಗದದಲ್ಲಿ ತೀಡಿ ಸರಿ ಮಾಡ್ದೆ. ಸೋರ್ತಿದ್ದದ್ದು ಬೆಲ್ಲೋಸ್ ಎಡಗಡೆ ಕೆಳಗಿನ ಮೂಲೆ. ನ್ಯೂಸ್ ಪೇಪರ್ ಟೆಸ್ಟಲ್ಲಿ ನಾನು ಗುರುತು ಹಾಕಿದ ಸಾಲೇ ಶಾರ್ಪ್ ಬಂತು. ಭಾನುವಾರ ಬೆಳಗ್ಗೆ ಅಜ್ಜಿ ತಿಂಡಿ ಮುಗಿಸಿ ಜಗಲಿಗೆ ಬಂದ್ಮೇಲೆ ತೆಗೀತೀನಿ, ಕುಂಕುಮ ಇಟ್ಕೊಂಡೇ ಕೂರ್ತಾರಂತೆ.